ಹನ್ನೊಂದು ಕೆಂಪು ಸಾಲು

ಆರೋಗ್ಯ ಕೇಂದ್ರದ ಬಾಗಿಲು ದಾಟಿದ ಕೂಡಲೇ ಎಡಕ್ಕೆ ಒಂದು ಕಿಂಡಿ. ಕಿಂಡಿಯ ಆಚೆ ಇಪ್ಪತ್ತೆರಡು ವರ್ಷಗಳಿಂದ ಒಂದೇ ಮುಖ. ಬಂದ ರೋಗಿಗಳಿಗೆ ಚೀಟಿ ಬರೆದುಕೊಡುವುದು ಅವನ ಕೆಲಸ. ಹಾಗಾಗಿ ಎಲ್ಲರಿಗೂ ಅವನು ಚೀಟಿಯಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಸಿರಾಡಿಕೊಂಡಿತ್ತು. ಕೆಮ್ಮಿನ ಸದ್ದು ಕೇಳಿಯೇ ಯಾರು ಬಂದರೆಂದು ತಲೆ ಎತ್ತದೆ ಹೇಳುತ್ತಿದ್ದ. ಯಾರಿಗೆ ಯಾವ ಮೊಣಕಾಲು ನೋವು, ಯಾರ ಮನೆಯ ಮಗು ಚುಚ್ಚುಮದ್ದು ಕಂಡರೆ ಮೇಜಿನ ಕೆಳಗೆ ನುಗ್ಗುತ್ತದೆ, ಯಾವ ಅಜ್ಜಿ ಮಾತ್ರೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿ ನುಂಗದೆ ಬಿಡುತ್ತಾಳೆ, ಎಲ್ಲ ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. "ಚೀಟಿಯಣ್ಣ ಒಂದ್ಸಲ ನೋಡಿದ್ರೆ ಸಾಕು, ಡಾಕ್ಟರು ಬರೀ ಸಹಿ ಹಾಕೋದು" ಎಂದು ಜನ ಚುಡಾಯಿಸಿದರೆ ಮುಖ ಬಿಗಿದುಕೊಂಡು ಒಳಗೊಳಗೇ ಹಿಗ್ಗುತ್ತಿದ್ದ.

ಅಂಗಡಿ ಇಟ್ಟವನಿಗೆ ಬಂದ ಗಿರಾಕಿ ಬರಿಗೈಯಲ್ಲಿ ತಿರುಗಿ ಹೋದರೆ ಎಷ್ಟು ಸಂಕಟವೋ, ಚೀಟಿಯಣ್ಣನಿಗೆ ಸಾಲು ನಿಂತರೆ ಅಷ್ಟೇ ಸಂಕಟ. ಸಾಲು ಮುಂದೆ ಸಾಗಲಿ ಎಂದು ವಯಸ್ಸು ಗೊತ್ತಿಲ್ಲದವರಿಗೆ ತಾನೇ ಒಂದು ವಯಸ್ಸು ಕೊಡುತ್ತಿದ್ದ. ಹಾಗೆ ಕೊಡುವಾಗ ಹೆಂಗಸರಿಗೆ ಐದು ವರ್ಷ ರಿಯಾಯಿತಿಯೂ ಇರುತ್ತಿತ್ತು. ಇಂಥ ಸಣ್ಣಪುಟ್ಟ ಧಾರಾಳದಿಂದ ಯಾರಿಗೂ ಏನೂ ಲುಕ್ಸಾನಾಗಿರಲಿಲ್ಲ. ಕನಿಷ್ಠ ಅವನು ಹಾಗೆ ತಿಳಿದಿದ್ದ.

ಅವನ ಹೆಂಡತಿ ಬೀದಿಯ ಕೊನೆಯ ಬೈಂಡಿಂಗ್ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ದುಡಿದವಳು. ಆರೋಗ್ಯ ಕೇಂದ್ರದ ದಪ್ಪ ರಿಜಿಸ್ಟರುಗಳ ಹಾಳೆ ಹೊಲಿದು, ಬೆನ್ನಿಗೆ ಬಟ್ಟೆ ಅಂಟಿಸಿ, ರಟ್ಟು ಕೂರಿಸುತ್ತಿದ್ದುದು ಅವಳ ಕೈ. ಅವಳು ಹೊಲಿದದ್ದನ್ನು ಅವನು ತುಂಬಿಸುತ್ತಿದ್ದ. ಎಂಟು ತಿಂಗಳ ಹಿಂದೆ ಕೇಂದ್ರಕ್ಕೆ ಟ್ಯಾಬ್ ಬಂತು, ರಿಜಿಸ್ಟರು ನಿಂತಿತು. ಶಾಲೆಗಳಲ್ಲಿ, ಕಚೇರಿಗಳಲ್ಲಿ ಕೂಡ ಅದೇ ಕಥೆ. ಎರಡು ತಿಂಗಳು ನೋಡಿ ಬೈಂಡಿಂಗ್ ಅಂಗಡಿಯವನು ಬಾಗಿಲೆಳೆದ. "ಒಳ್ಳೇದೇ ಆಯ್ತು ಬಿಡೆ. ಇಷ್ಟು ವರ್ಷ ಕೈತುಂಬ ಅಂಟು ಮೆತ್ಕೊಂಡು ಕೂತಿದ್ದೆ. ಇನ್ನಾದ್ರೂ ಆರಾಮಾಗಿರು" ಎಂದು ಗಂಡ ಒಂದೇ ಉಸಿರಿನಲ್ಲಿ ಆ ವಿಷಯವನ್ನು ಮುಗಿಸಿದ. ಅವಳು "ಹೂಂ" ಎಂದಳು. ಮದುವೆಯಾಗಿ ಬೇರೆ ಊರಿಗೆ ಹೋಗಿದ್ದ ಮಗಳು ಭಾನುವಾರ ಫೋನ್ ಮಾಡಿದಾಗಲೂ "ಆರಾಮು" ಎಂದಳು. ಮನೆಯಲ್ಲಿ ಎಲ್ಲರೂ ಆರಾಮು.

ಟ್ಯಾಬಿನೊಳಗೆ ಮನಸ್ಸಿನ ಆರೋಗ್ಯದ್ದೊಂದು ಕಾರ್ಯಕ್ರಮ ಇತ್ತು. ಜ್ವರಕ್ಕೆ ಬರಲಿ, ಗಾಯಕ್ಕೆ ಬರಲಿ, ದೊಡ್ಡವರಾದರೆ ಒಂಬತ್ತು ಪ್ರಶ್ನೆ ಕೇಳಬೇಕು. ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ಯಾವುದರಲ್ಲೂ ಆಸಕ್ತಿ ಇಲ್ಲವೆನ್ನಿಸುತ್ತದೆಯೇ, ಹೀಗೆ ಸಾಗಿ ಕೊನೆಯದು, ಬದುಕಿರುವುದಕ್ಕಿಂತ ಇಲ್ಲದಿರುವುದೇ ಮೇಲು ಎಂದು ಅನ್ನಿಸಿದೆಯೇ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಇಲ್ಲವೇ ಇಲ್ಲ ಎಂದರೆ ಸೊನ್ನೆ, ಹೆಚ್ಚುಕಡಿಮೆ ದಿನವೂ ಎಂದರೆ ಮೂರು. ಸ್ವಲ್ಪ ಕುಗ್ಗಿದಂತೆ ಕಂಡವರಿಗೆ ಆಮೇಲೆ ಪ್ರತಿ ಸೋಮವಾರ ಯಂತ್ರವೇ ಫೋನ್ ಮಾಡುತ್ತದೆ. ಒಂದು ಹೆಣ್ಣುದನಿ ಅದೇ ಒಂಬತ್ತು ಪ್ರಶ್ನೆ ಕೇಳುತ್ತದೆ, ಇವರು ಗುಂಡಿ ಒತ್ತಬೇಕು. ಬೇರೆಯವರು ಎತ್ತಿದರೂ ಗುಟ್ಟು ಹೊರಬೀಳದಿರಲಿ ಎಂದು ಆ ದನಿ ಯಾರ ಹೆಸರನ್ನೂ ಹೇಳುವುದಿಲ್ಲ. ಅಂಕ ಏರಿದರೆ ಟ್ಯಾಬಿನಲ್ಲಿ ಆ ರೋಗಿಯ ಸಾಲು ಹಳದಿಯಾಗುತ್ತದೆ. ಕೊನೆಯ ಪ್ರಶ್ನೆಗೆ ಮೂರು ಬಿದ್ದರೆ ಕೆಂಪು.

ಒಳ್ಳೆಯ ಏರ್ಪಾಡು. ಡಾಕ್ಟರು ಒಬ್ಬರೇ, ರೋಗಿಗಳು ನೂರಾರು. ಹೀಗಿರುವಾಗ ಯಾರ ಮನಸ್ಸಿನೊಳಗೆ ಏನಿದೆಯೆಂದು ಕೂತು ಕೇಳುವವರು ಯಾರು? ನಿಜವಾಗಿಯೇ ಕೆಲವರಿಗೆ ಅದರಿಂದ ಉಪಕಾರವಾಗಿತ್ತು. ಆದರೆ ಯಂತ್ರಕ್ಕೊಂದು ಹಟ. ಹತ್ತು ಅಂಕಿಯ ಫೋನ್ ನಂಬರು ತುಂಬದೆ ಮುಂದಿನ ಪುಟ ತೆರೆಯುತ್ತಿರಲಿಲ್ಲ. ಫೋನೇ ಇಲ್ಲದವರು ಬಂದರೆ ಸಾಲು ನಿಂತಿತು! ಚೀಟಿಯಣ್ಣ "ಇರ್ಲಿ, ನಾನೇ ಯಾವ್ದಾದ್ರೂ ಹಾಕ್ಕೋತೀನಿ" ಎಂದು ಬೆರಳಿಗೆ ಬಂದ ಹತ್ತು ಅಂಕಿ ಒತ್ತಿ ಮುಂದೆ ಕಳಿಸುತ್ತಿದ್ದ. ಮೂರನೆಯ ವಾರಕ್ಕೆ ಮೇಲಿನವರು 'ಫೋನ್ ಇಲ್ಲ' ಎಂಬ ಗುಂಡಿಯನ್ನೂ ಸೇರಿಸಿದರು. ಅಷ್ಟರೊಳಗೆ ತುಂಬಿದ್ದನ್ನು ಮತ್ತೆ ತೆರೆದು ತಿದ್ದುವ ಕೆಲಸ ಯಾರಿಗೆ ಬೇಕಿತ್ತು? ಅವನು ಅದನ್ನು ಮರೆತೇಬಿಟ್ಟ.

ಸಾಲು ಹಳದಿಯಾದವರನ್ನು ವಾರಕ್ಕೊಮ್ಮೆ ವಿಚಾರಿಸಿ, 'ಮಾತಾಡಿಸಲಾಗಿದೆ' ಎಂಬಲ್ಲಿ ಗುರುತು ಹಾಕುವುದೂ ಅವನ ಪಾಲಿಗೆ ಬಂದಿತ್ತು. ಅದನ್ನು ಅವನು ಸುಳ್ಳು ಮಾಡಿದವನಲ್ಲ. ಹಳದಿಯವರೆಲ್ಲ ಹೇಗೂ ಬಿ.ಪಿ. ಮಾತ್ರೆಗೋ ಕಾಲುನೋವಿಗೋ ಕಿಂಡಿಗೆ ಬರುವವರೇ. "ಏನ್ ತಾತ, ಮನಸ್ಸು ಹೇಗಿದೆ?" "ಅದಕ್ಕೇನಯ್ಯಾ, ಗಟ್ಟಿಯಾಗಿದೆ." ಗುರುತು. "ಅಜ್ಜಿ, ಬೇಜಾರೇನಾದ್ರೂ?" "ನಿನ್ನ ಮುಖ ನೋಡಿದ್ರೆ ಬೇಜಾರು." ಗುರುತು. ಎದುರಿಗೆ ನಗುವವರು ಟ್ಯಾಬಿನಲ್ಲೇಕೆ ಹಳದಿಯಾಗುತ್ತಾರೆಂದು ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಯಂತ್ರಕ್ಕೆ ಮನುಷ್ಯರ ಮುಖ ಕಾಣುವುದಿಲ್ಲವಲ್ಲ, ಪಾಪ, ಎಂದುಕೊಂಡ.

ಆ ಮಂಗಳವಾರ ಒಂಬತ್ತೂವರೆಗೆ ಡಾಕ್ಟರಮ್ಮ ಕೋಣೆಯಿಂದಲೇ ಕೂಗಿದರು.

"ಚೀಟಿಯಣ್ಣ, ಬನ್ನಿ ಇಲ್ಲಿ. ಕಿಂಡಿ ಮುಚ್ಚಿ ಬನ್ನಿ."

ಕಿಂಡಿ ಮುಚ್ಚಿ ಎಂದು ಅವನಿಗೆ ಇಪ್ಪತ್ತೆರಡು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಒಳಗೆ ಹೋದರೆ ಡಾಕ್ಟರಮ್ಮನ ಮೇಜಿನ ಮೇಲೆ ಟ್ಯಾಬ್, ಪಕ್ಕದಲ್ಲಿ ಸಿಸ್ಟರ್. ಪರದೆಯ ಮೇಲೆ ಒಂದರ ಕೆಳಗೊಂದು ಹನ್ನೊಂದು ಸಾಲು ಕೆಂಪಗೆ ನಿಂತಿದ್ದವು.

"ಇಷ್ಟು ತಿಂಗಳಲ್ಲಿ ಒಟ್ಟು ಎರಡು ಕೆಂಪು ನೋಡಿದೀನಿ ನಾನು," ಎಂದರು ಡಾಕ್ಟರಮ್ಮ. "ನಿನ್ನೆ ಒಂದೇ ದಿನ ಹನ್ನೊಂದು. ಎಲ್ಲರದ್ದೂ ಇಪ್ಪತ್ತೇಳಕ್ಕೆ ಇಪ್ಪತ್ತಮೂರು. ಎಲ್ಲರೂ ಕೊನೇ ಪ್ರಶ್ನೆಗೆ ಮೂರು ಒತ್ತಿದಾರೆ."

"ಮಿಷನ್ ಕೆಟ್ಟಿರಬೇಕು ಮೇಡಂ. ಈ ಪೊರಕೆ ಮಾರೋ ಅಜ್ಜೀನ ನಾನು ಶುಕ್ರವಾರ ನೋಡಿದೀನಲ್ಲ. ಗುಂಡುಕಲ್ಲಿನ ಹಾಗಿದಾಳೆ."

"ಕೆಟ್ಟಿರಬಹುದು. ಆದ್ರೆ ಹನ್ನೊಂದರಲ್ಲಿ ಒಂದಾದ್ರೂ ನಿಜ ಆಗಿದ್ರೆ?"

ಗುಟ್ಟು ಕಾಯಲೆಂದು ಪರದೆಯ ಮೇಲೆ ನಂಬರುಗಳ ಜಾಗದಲ್ಲಿ ಬರೀ ಚುಕ್ಕಿಗಳಿದ್ದವು. ಪಕ್ಕದ ಹಸಿರು ಗುಂಡಿ ಒತ್ತಿದರೆ ಟ್ಯಾಬೇ ಕರೆ ಮಾಡುತ್ತಿತ್ತು. ಸಿಸ್ಟರ್ ಮೊದಲನೆಯದನ್ನು ಒತ್ತಿದರು. ರಿಂಗಾಯಿತು, ಎತ್ತಲಿಲ್ಲ. ಎರಡನೆಯದು, ಎತ್ತಲಿಲ್ಲ. ಹನ್ನೊಂದು ಕರೆ ಮುಗಿಯುವ ಹೊತ್ತಿಗೆ ಚೀಟಿಯಣ್ಣನ ಅಂಗಿಯ ಬೆನ್ನು ಒದ್ದೆಯಾಗಿತ್ತು. ಹನ್ನೊಂದು ಮನೆಗಳಲ್ಲಿ ಫೋನು ಬಡಿದುಕೊಳ್ಳುತ್ತಿದೆ, ಒಂದರಲ್ಲೂ ಎತ್ತುವ ಕೈ ಇಲ್ಲ. ಅವನಿಗೆ ಹನ್ನೊಂದೂ ಮುಖಗಳು ಕಣ್ಣೆದುರು ಬಂದವು. ಎಲ್ಲರಿಗೂ ಅವನೇ 'ಮಾತಾಡಿಸಲಾಗಿದೆ' ಎಂದು ಗುರುತು ಹಾಕಿದ್ದ.

"ಮನೆಮನೆಗೆ ಹೋಗಿ," ಎಂದರು ಡಾಕ್ಟರಮ್ಮ. "ಈಗ್ಲೇ. ಟ್ಯಾಬ್ ತಗೊಂಡು ಹೋಗಿ. ಒಬ್ಬೊಬ್ಬರನ್ನ ನೋಡಿದ ಕೂಡ್ಲೆ ನಂಗೊಂದು ಫೋನ್ ಮಾಡಿ."

ಸಿಸ್ಟರ್ ಸ್ಕೂಟರ್ ತೆಗೆದರು. ಹಿಂದೆ ಟ್ಯಾಬನ್ನು ಎದೆಗವುಚಿಕೊಂಡು ಚೀಟಿಯಣ್ಣ ಕೂತ.

ಪೊರಕೆ ಮಾರುವ ಅಜ್ಜಿ ತನ್ನ ಮೂಲೆಯಲ್ಲೇ ಇದ್ದಳು. ಕಡ್ಡಿಗಳನ್ನು ಸಮ ಮಾಡಿ ಕಟ್ಟು ಬಿಗಿಯುತ್ತಿದ್ದಳು. ಇವನು ಸ್ಕೂಟರಿನಿಂದ ಹೆಚ್ಚುಕಡಿಮೆ ಉರುಳಿಯೇ ಇಳಿದ.

"ಅಜ್ಜಿ! ಹೇಗಿದೀರಿ?"

"ಯಾಕೆ? ಸತ್ತೆ ಅಂತ ಯಾರಾದ್ರೂ ಚಾಡಿ ಹೇಳಿದ್ರಾ?"

ಸಿಸ್ಟರ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ, ಬಿಡಿಸಿ ಬಿಡಿಸಿ ಕೇಳಿದರು. ಜೀವ ಬೇಡ ಅನ್ನಿಸುತ್ತಾ, ಒಂಟಿ ಅನ್ನಿಸುತ್ತಾ ಎಂದು. ಅಜ್ಜಿ ಕೈ ನಿಲ್ಲಿಸಿ ಅವರ ಮುಖವನ್ನೇ ನೋಡಿದಳು.

"ಗಂಡ ಹೋದ ವರ್ಷ ಅನ್ನಿಸ್ತಿತ್ತು ತಾಯಿ. ಸುಳ್ಳು ಯಾಕೆ ಹೇಳ್ಲಿ. ಈಗಿಲ್ಲ. ಈಗ ಆ ಎದುರು ಅಂಗಡಿಯವನ ಹತ್ರ ಜಗಳ ಅರ್ಧಕ್ಕೆ ನಿಂತಿದೆ, ಅದನ್ನ ಮುಗಿಸ್ಬೇಕು." ಆಮೇಲೆ ಚೀಟಿಯಣ್ಣನ ಕಡೆ ತಿರುಗಿ, "ನಿನ್ನ ಮುಖ ಯಾಕೋ ಬೂದಿ ಬಳಿದ ಹಾಗಿದೆ? ಮೊದ್ಲು ನಿಂಗೇ ಒಂದು ಚೀಟಿ ಬರ್ಕೋ."

"ಮೊಮ್ಮಕ್ಕಳು ಗುಂಡಿ ಒತ್ತಿ ಆಡಿರಬೇಕು ಬಿಡಿ," ಎಂದು ಚೀಟಿಯಣ್ಣ ಉಸಿರು ಬಿಟ್ಟ. ಸಿಸ್ಟರ್ ಸ್ಕೂಟರ್ ಹತ್ತಿದರು.

ಮರದ ಮಿಲ್ಲಿನ ಕಾವಲುಗಾರ ತನ್ನ ಕೋಣೆಯಲ್ಲಿ ಮಲಗಿದ್ದ. ಕೂಗಿದರೆ ಏಳಲಿಲ್ಲ. ಬಾಗಿಲು ಬಡಿದರೂ ಏಳಲಿಲ್ಲ. ಸಿಸ್ಟರ್ ಕಿಟಕಿಯಿಂದ ಇಣುಕಿ, ಎದೆ ಏರಿಳಿಯುತ್ತಿದೆಯೇ ನೋಡುತ್ತಿದ್ದಾಗ ಅವನು ಕಣ್ಣು ಬಿಟ್ಟು, ಹೌಹಾರಿ, ಎದ್ದು ಕೂತ. "ರಾತ್ರಿಯೆಲ್ಲಾ ಎದ್ದಿರೋನು ಕಣ್ರೀ ನಾನು! ನಿದ್ದೆ ಸರಿಯಾಗಿ ಮಾಡ್ತೀಯಾ ಅಂತ ಕೇಳೋಕೆ ನಿದ್ದೆಯಿಂದ ಎಬ್ಬಿಸ್ತಾರೇನ್ರೀ ಯಾರಾದ್ರೂ?" ಅವನ ಗುಡುಗು ಕೇಳಿ ಸಿಸ್ಟರಿಗೆ ನಗು ಬಂತು. ಅಂದು ಬೆಳಿಗ್ಗೆ ಅವರು ನಕ್ಕದ್ದು ಅದೊಂದೇ ಸಲ.

ಮೂರನೆಯವನು ಚಪ್ಪಲಿ ಹೊಲಿಯುವ ತಾತ. ಗೋಡೆಗೆ ಒರಗಿಸಿದ ಕೊಡೆಯ ನೆರಳಲ್ಲಿ, ತುಟಿಗಳ ನಡುವೆ ಎರಡು ಮೊಳೆ ಕಚ್ಚಿಕೊಂಡು, ಹಿಮ್ಮಡಿಯೊಂದನ್ನು ತಟ್ಟುತ್ತಿದ್ದ. ತೂಕ ಮಾಡಿ ಮಾತಾಡುವವನು. ಸಿಸ್ಟರಿನ ಪ್ರಶ್ನೆಗಳಿಗೆಲ್ಲ ಮೊಳೆ ತೆಗೆದು ನಿಧಾನವಾಗಿ ಉತ್ತರ ಹೇಳಿದ. ಬೆನ್ನು ನೋವಿದೆ, ಮನಸ್ಸಿಗೇನೂ ಇಲ್ಲ.

"ಮತ್ತೆ ನಿನ್ನೆ ಫೋನಲ್ಲಿ ಯಾಕೆ ತಾತ ಹಾಗೆ ಒತ್ತಿದ್ರಿ?"

"ಯಾವ ಫೋನಲ್ಲಿ?"

"ನಿಮ್ಮ ಫೋನಲ್ಲಿ."

"ನನ್ನ ಹತ್ರ ಎಲ್ಲಿದೆಯಮ್ಮ ಫೋನು? ಇವನಿಗೆ ಆವತ್ತೇ ಹೇಳಿದ್ನಲ್ಲ. ಇರ್ಲಿ ತಾತ, ನಾನೇ ಯಾವ್ದಾದ್ರೂ ಹಾಕ್ಕೋತೀನಿ ಅಂದ ಇವನು. ಹಾಕ್ಕೊಂಡಿರ್ಬೇಕು."

ಸಿಸ್ಟರ್ ತಲೆ ತಿರುಗಿಸಿ ಚೀಟಿಯಣ್ಣನನ್ನು ನೋಡಿದರು. ಅವನು ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ತಾತನ ಸಾಲನ್ನು ತೆರೆಯುತ್ತಿದ್ದ. ತುಂಬಿದವನು ತನ್ನ ಪಾಸ್‌ವರ್ಡ್ ಕೊಟ್ಟರೆ ಚುಕ್ಕಿಗಳು ಸರಿದು ನಂಬರು ಕಾಣುತ್ತದೆ. ಕೊಟ್ಟ. ಹತ್ತು ಅಂಕಿ ಕಂಡವು. ಪೊರಕೆ ಅಜ್ಜಿಯ ಸಾಲು ತೆರೆದ, ಅವೇ ಹತ್ತು ಅಂಕಿ. ಕಾವಲುಗಾರನದು, ಅವೇ. ನಾಲ್ಕನೆಯದು, ಐದನೆಯದು. ಸಾಲಿನ ಗಡಿಬಿಡಿಯಲ್ಲಿ ಬೆರಳಿಗೆ ತಾನಾಗಿ ಬರುವುದು ಎಂಥ ನಂಬರು? ದಿನಾ ಒತ್ತಿ ಒತ್ತಿ ರೂಢಿಯಾದದ್ದೇ ತಾನೆ?

"ಯಾರ ನಂಬರಣ್ಣ ಅದು?"

ಅವನು ಆರನೆಯ ಸಾಲನ್ನೂ ತೆರೆದ.

"ಅಣ್ಣ. ಯಾರದ್ದು?"

"ಮನೇದು," ಎಂದ. "ನಮ್ಮನೇದು."

ಮನೆಯಲ್ಲಿ ಇರುವುದು ಒಂದೇ ಗುಂಡಿ ಫೋನು. ಹಗಲಿಡೀ ಮನೆಯಲ್ಲಿ ಇರುವ ಜೀವವೂ ಒಂದೇ, ಅವನ ಹೆಂಡತಿ.

ಸಿಸ್ಟರ್ ಎರಡು ಕೈಗಳಿಂದಲೂ ಬಾಯಿ ಮುಚ್ಚಿಕೊಂಡರು. ಕೆಂಪು ಸಾಲು ಹನ್ನೊಂದಲ್ಲ, ಒಂದು. ಹನ್ನೊಂದರಲ್ಲಿ ಒಂದಾದರೂ ನಿಜವಾಗಿದ್ದರೆ ಎಂದು ಡಾಕ್ಟರಮ್ಮ ಕೇಳಿದ್ದು ಇವಳ ವಿಷಯವನ್ನೇ. ಬೆಳಿಗ್ಗೆಯಿಂದ ಹನ್ನೊಂದು ಸಲ ಬಡಿದುಕೊಂಡ ಫೋನೂ ಒಂದೇ. ಅದನ್ನೇ ಅವಳು ಎತ್ತಿಲ್ಲ. ಚೀಟಿಯಣ್ಣ ಜೇಬಿನಿಂದ ತನ್ನ ಮೊಬೈಲು ತೆಗೆದ. ಅದು ಕೈಜಾರಿ ಚಪ್ಪಲಿಗಳ ರಾಶಿಯ ಮೇಲೆ ಬಿತ್ತು. ಹೆಕ್ಕಿಕೊಂಡು ಒತ್ತಿದ. ರಿಂಗಾಯಿತು, ಆಗುತ್ತಲೇ ಇತ್ತು.

"ಎತ್ತಲ್ಲ," ಎಂದ. ಎದ್ದು ನಿಂತು ಮತ್ತೆ ಅದನ್ನೇ ಒತ್ತಿದ.

"ನಿಂತ್ಕೊಂಡು ಏನಯ್ಯಾ ನೋಡ್ತಿದೀಯ?" ತಾತ ಸುತ್ತಿಗೆ ಎತ್ತಿ ಗದರಿದ. "ಹೋಗು, ಮನೆಗೆ ಹೋಗು!"

ಮನೆಗೆ ಎಂಟು ನಿಮಿಷದ ದಾರಿ. ಅಂದು ಬೆಳಿಗ್ಗೆ ಹೊರಡುವಾಗ ಹೆಂಡತಿ ಏನು ಹೇಳಿದಳೆಂದು ಚೀಟಿಯಣ್ಣ ದಾರಿಯುದ್ದಕ್ಕೂ ನೆನಪಿಸಿಕೊಳ್ಳಲು ನೋಡಿದ. ಸಿಗಲಿಲ್ಲ. ನಿನ್ನೆ ಏನು ಉಟ್ಟಿದ್ದಳು? ಸಿಗಲಿಲ್ಲ. ಮುನ್ನೂರು ಜನರ ಕೆಮ್ಮಿನ ಗುರುತು ಹಿಡಿಯುವವನಿಗೆ ಮನೆಯಲ್ಲಿ ಕಡೆಯ ಸಲ ನಗು ಕೇಳಿದ್ದು ಯಾವಾಗ ಎಂಬುದೇ ಹೊಳೆಯಲಿಲ್ಲ. ಟ್ಯಾಬಿನಲ್ಲಿದ್ದದ್ದು ಮಾತ್ರ ಅಕ್ಷರ ಬಿಡದೆ ನೆನಪಿಗೆ ಬಂತು. ಹದಿನಾಲ್ಕು ವಾರ ಹಳದಿ. ಹದಿನಾಲ್ಕು ವಾರವೂ 'ಮಾತಾಡಿಸಲಾಗಿದೆ'. ಬೀದಿಯ ಹನ್ನೊಂದು ಜನರನ್ನು ಮಾತಾಡಿಸಿ ಅವನು ಗುರುತು ಹಾಕುತ್ತ ಬಂದದ್ದು ತಾನು ಮಾತಾಡಿಸದ ಒಬ್ಬಳ ಉತ್ತರಕ್ಕೆ. "ಇನ್ನೂ ಜೋರಾಗಿ ಹೋಗಿ ಸಿಸ್ಟರ್" ಎಂದ. ಅವರು ಆಗಲೇ ಹೋಗಬಹುದಾದಷ್ಟು ಜೋರಾಗಿ ಹೋಗುತ್ತಿದ್ದರು.

ಮನೆಯ ಬಾಗಿಲು ಬರೀ ಎಳೆದಿತ್ತು, ಚಿಲಕ ಹಾಕಿರಲಿಲ್ಲ. ಮುಂದಿನ ಕೋಣೆಯಲ್ಲಿ ಯಾರೂ ಇಲ್ಲ. ಅಡುಗೆಮನೆಯಲ್ಲಿ ಒಲೆ ತಣ್ಣಗಿತ್ತು, ತೊಳೆದ ಪಾತ್ರೆಗಳು ಬೋರಲು ಬಿದ್ದಿದ್ದವು. ಕರೆದ. ದನಿ ಅವನದೇ ಅನ್ನಿಸಲಿಲ್ಲ. ಸಿಸ್ಟರ್ ತಮ್ಮ ಮೊಬೈಲಿನಿಂದ ಮತ್ತೆ ಒತ್ತಿದರು. ಮನೆಯೊಳಗೇ ಎಲ್ಲೋ, ಬಾಯಿ ಮುಚ್ಚಿದವರು ನರಳುವಂತೆ, ಫೋನು ಸದ್ದು ಮಾಡಿತು. ಮಲಗುವ ಕೋಣೆಯಲ್ಲಿ ಮಡಿಸಿಟ್ಟ ಹಾಸಿಗೆಗಳ ಅಟ್ಟಿ. ಚೀಟಿಯಣ್ಣ ಒಂದೊಂದನ್ನೇ ಕಿತ್ತು ಬಿಸಾಡಿದ. ಕಟ್ಟಕಡೆಯ ಕಂಬಳಿಯ ಮಡಿಕೆಯೊಳಗೆ ಫೋನು ಮಿನುಗುತ್ತಿತ್ತು. ಅವಳಿರಲಿಲ್ಲ.

ಹಿತ್ತಲಿನಿಂದ ದನಿ ಬಂತು.

"ಯಾರದು?"

ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಹಿಂಡಿದ ಬಟ್ಟೆಗಳು ಬಕೆಟ್ಟಿನಲ್ಲೇ ಇದ್ದವು, ಒಂದನ್ನೂ ಹರವಿರಲಿಲ್ಲ. ಬಕೆಟ್ಟಿನೊಳಗಿನ ಬಟ್ಟೆಯ ಮೇಲುಮೈ ಆಗಲೇ ಒಣಗಿತ್ತು. ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದಳೋ.

"ಇದೇನ್ರೀ, ಇಷ್ಟೊತ್ತಿಗೆ?" ಎಂದಳು. ಹಿಂದೆ ಸಿಸ್ಟರನ್ನೂ ನೋಡಿ ಮುಖ ಬದಲಾಯಿತು. "ಯಾರಾದ್ರೂ ಹೋಗ್ಬಿಟ್ರಾ?"

ಚೀಟಿಯಣ್ಣ ಒದ್ದೆ ನೆಲದ ಮೇಲೇ ಕುಸಿದು ಕೂತ.

"ಫೋನ್... ಯಾಕೆ ಎತ್ಲಿಲ್ಲ?"

"ನಿನ್ನೆ ತಾನೆ ಹನ್ನೊಂದು ಸಲ ಒತ್ತಿದೀನಿ. ಇವತ್ತು ಬೆಳಗ್ಗೆಯಿಂದ ಮತ್ತೆ ಶುರು ಮಾಡ್ಕೊಂಡ್ತು. ನಂಗೂ ಸಾಕಾಗಲ್ವಾ? ತಗೊಂಡು ಹೋಗಿ ಹಾಸಿಗೆಯೊಳಗೆ ತುರುಕಿದೆ." ಅವಳು ಅವನ ಇಳಿಬಿದ್ದ ಮುಖವನ್ನು ನೋಡಿದಳು. "ಇದೇನು, ಏನೂ ಗೊತ್ತಿಲ್ಲದೋರ ಹಾಗೆ ಕೇಳ್ತಿದೀರಿ? ನೀವೇ ತಾನೆ ನನ್ನ ಹೆಸರು ಹಾಕ್ಸಿದ್ದು?"

ಸಿಸ್ಟರ್ ಅವಳ ಪಕ್ಕಕ್ಕೆ ಹೋಗಿ ಕೂತರು. "ಅವರೇ ಹಾಕ್ಸಿದ್ದು ಅಂತ ನಿಮಗೆ ಯಾರು ಹೇಳಿದ್ರು ಅಕ್ಕ?"

"ಯಾರು ಹೇಳ್ಬೇಕು? ಆರೋಗ್ಯ ಕೇಂದ್ರದಿಂದ ಅಂತ ಫೋನ್ ಬಂತು. ನಿದ್ದೆ ಬರುತ್ತಾ, ಬೇಜಾರಾಗುತ್ತಾ ಅಂತ ಕೇಳ್ತು. ಇವ್ರಿಗೆ ಬಾಯಲ್ಲಿ ಕೇಳೋಕೆ ಸಂಕೋಚ, ಅದಕ್ಕೇ ಮಿಷನ್ ಕೈಲಿ ಕೇಳಿಸ್ತಿದಾರೆ ಅಂದ್ಕೊಂಡೆ."

"ಹನ್ನೊಂದು ಸಲಾನಾ?"

"ಇವ್ರು ಯಾವತ್ತು ಒಂದೇ ಸಲಕ್ಕೆ ನಂಬಿದಾರೆ ಸಿಸ್ಟರ್? ಬೀಗ ಹಾಕಿದ ಮೇಲೆ ನಾಲ್ಕು ಸಲ ಎಳೆದು ನೋಡೋ ಮನುಷ್ಯ." ಅವಳ ತುಟಿಯ ಒಂದು ಕೊನೆ ಮಾತ್ರ ನಕ್ಕಿತು. "ಮೊದಮೊದಲು ಎಲ್ಲದಕ್ಕೂ ಸೊನ್ನೆ ಒತ್ತಿದೆ. ಆಮೇಲೆ, ಅಪರೂಪಕ್ಕೆ ಕೇಳ್ತಿದಾರಲ್ಲ, ನಿಜ ಹೇಳೋಣ ಅನ್ನಿಸ್ತು. ಒತ್ತಿದೆ. ಸಂಜೆ ಬಂದು ಏನಾದ್ರೂ ಅಂತಾರೆ ಅಂತ ಕಾದೆ. ಊಟ ಮಾಡಿ ಮಲಗಿದ್ರು. ಇನ್ನೊಂದು ವಾರ ಇನ್ನೂ ಒಂದು ಅಂಕ ಜಾಸ್ತಿ ಒತ್ತಿದೆ. ಆವತ್ತೂ ಊಟ ಮಾಡಿ ಮಲಗಿದ್ರು. ಎಲ್ಲಾ ಗೊತ್ತಿದ್ದೂ ಸುಮ್ನಿದಾರೆ ಅಂದ್ಕೊಂಡೆ. ಅದಾದ್ಮೇಲೆ ಒತ್ತೋಕೆ ಯೋಚನೇನೇ ಬೇಕಾಗ್ಲಿಲ್ಲ, ಎಲ್ಲದಕ್ಕೂ ಬೆರಳು ತಾನಾಗೇ ಮೇಲಿನ ಅಂಕಕ್ಕೆ ಹೋಗ್ತಿತ್ತು."

"ಕೊನೇದಕ್ಕೆ ಮೂರು ಒತ್ತಿದ್ರಲ್ಲ ಅಕ್ಕ, ನಿನ್ನೆ..."

"ಇದಕ್ಕಾದ್ರೂ ಬರ್ತಾರೇನೋ ನೋಡೋಣ ಅಂತ ಒತ್ತಿದೆ."

"ಬರೀ ಅದಕ್ಕೇನಾ?"

ಅವಳು ಬಕೆಟ್ಟಿನ ಹಿಡಿಯನ್ನು ಆ ಕಡೆಯಿಂದ ಈ ಕಡೆಗೆ ಮಗುಚಿ ಹಾಕಿದಳು.

"ನಿಜಾನೂ ಹೌದು," ಎಂದಳು. "ಬಂದ್ರಲ್ಲ ಬಿಡಿ. ಗೊತ್ತಾದ ಕೂಡ್ಲೆ ಓಡಿ ಬಂದ್ರಲ್ಲ."

ಚೀಟಿಯಣ್ಣನ ಮುಂದೆ ಪುಕ್ಕಟೆಯಾಗಿ ಬಂದ ಮಾಲು ಬಿದ್ದಿತ್ತು. ಹೌದು ಕಣೇ, ನಾನೇ ಹಾಕ್ಸಿದ್ದು, ಗೊತ್ತಾದ ಕೂಡಲೇ ಓಡಿ ಬಂದೆ ಎಂದುಬಿಟ್ಟರೆ ಆಯಿತು. ಅವಳೇ ಎತ್ತಿ ಕೊಡುತ್ತಿದ್ದಾಳೆ, ಇವನು ಕೈ ಚಾಚಿದರೆ ಸಾಕು. ಒಂದು ಸಣ್ಣ ಗುರುತು, ಎಲ್ಲವೂ ಸರಿ. ಸಿಸ್ಟರ್ ಅವನ ಕಡೆ ನೋಡಲಿಲ್ಲ. ನೋಡದೆ ಇರಲು ಬಹಳ ಪ್ರಯತ್ನಪಡುತ್ತಿದ್ದರು.

"ನಾನು ಹಾಕ್ಸಿರ್ಲಿಲ್ಲ," ಎಂದ ಚೀಟಿಯಣ್ಣ.

"ಏನು?"

"ನಿನ್ನ ಹೆಸರು ನಾನು ಹಾಕ್ಸಿರ್ಲಿಲ್ಲ ಕಣೇ. ಫೋನಿಲ್ಲದೋರಿಗೆಲ್ಲಾ ನಮ್ಮನೆ ನಂಬರ್ ಒತ್ತಿಬಿಟ್ಟಿದ್ದೆ. ಸಾಲು ಹೋಗ್ಲಿ ಅಂತ. ಆ ಫೋನು ಅವರಿಗೆ ಬರ್ಬೇಕಾಗಿತ್ತು. ನಿಂಗೆ ಬರ್ತಿದೆ ಅಂತ ನಂಗೆ ಕಾಲು ಗಂಟೆ ಹಿಂದೆ ಗೊತ್ತಾಯ್ತು."

ಅವಳು ಎಷ್ಟು ಹೊತ್ತು ಅವನನ್ನು ನೋಡಿದಳೆಂದರೆ, ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲು ಆಗುವುದಿದ್ದರೆ ಅವನು ತೆಗೆದುಕೊಳ್ಳುತ್ತಿದ್ದ.

"ಹಾಗಾದ್ರೆ ಯಾರೂ ನನ್ನ ಕೇಳ್ತಾನೇ ಇರ್ಲಿಲ್ಲ."

"ಇಲ್ಲ."

"ನಾನು ಒತ್ತಿದ್ದು ಒಂದೂ ನಿಮಗೆ ಗೊತ್ತಿಲ್ಲ."

"ಕಣ್ಣಿಗೆ ಬಿದ್ದಿತ್ತು. ನೀನು ಅಂತ ಗೊತ್ತಿರ್ಲಿಲ್ಲ."

"ಗೊತ್ತಿದ್ದೂ ಸುಮ್ನಿರ್ಲಿಲ್ಲ."

"ಇಲ್ಲ ಕಣೇ. ನಿನ್ನಾಣೆ."

ಅವಳು ಎರಡನ್ನೂ ಪಕ್ಕಪಕ್ಕ ಇಟ್ಟು ತೂಗಿದಳು. ಗೊತ್ತಿದ್ದೂ ಸುಮ್ಮನಿದ್ದ ಗಂಡ ಒಂದು ಕಡೆ, ಮೂರೂವರೆ ತಿಂಗಳು ಏನೂ ಕಾಣದ ಗಂಡ ಇನ್ನೊಂದು ಕಡೆ. ಒಳ್ಳೆಯದು ಯಾವುದೆಂದು ಕೇಳುವಂತಿರಲಿಲ್ಲ. ಹೊರಲು ಹಗುರವಾದದ್ದು ಯಾವುದೆಂದು ಮಾತ್ರ ನೋಡಬೇಕಿತ್ತು.

"ಮೂರು ತಿಂಗಳಾಯ್ತು ನಾನು ನಿಮ್ಮ ಮುಖ ನೋಡಿ ಮಾತಾಡಿಲ್ಲ," ಎಂದಳು ಕೊನೆಗೆ. "ಅದೂ ಗೊತ್ತಾಗ್ಲಿಲ್ಲ ಅಲ್ವಾ ನಿಮಗೆ?"

ಅವನು ತಲೆಯಾಡಿಸಿದ. ಆಗ ಅವಳು ಅತ್ತಳು. ಸಿಸ್ಟರ್ ಭುಜ ಹಿಡಿದುಕೊಂಡರು, ಅಳಬೇಡಿ ಎನ್ನಲಿಲ್ಲ. ಚೀಟಿಯಣ್ಣ ಕೂತಲ್ಲೇ ಕೂತಿದ್ದ. ಅವನ ಪ್ಯಾಂಟು ನೀರು ಹೀರಿಕೊಂಡು ತೊಡೆಯವರೆಗೂ ಒದ್ದೆಯಾಗಿತ್ತು.

ಸ್ಕೂಟರಿನಲ್ಲಿ ಇಬ್ಬರಿಗೇ ಜಾಗ. ಸಿಸ್ಟರ್ ಅವಳನ್ನು ಹಿಂದೆ ಕೂರಿಸಿಕೊಂಡು ಹೊರಟರು. ಅವನು ನಡೆದು ಹೋದ. ತಲುಪುವ ಹೊತ್ತಿಗೆ ಡಾಕ್ಟರಮ್ಮನ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಹೋಗಲು ಹೊರಟವನನ್ನು ಸಿಸ್ಟರ್ ತಡೆದರು. "ಅಕ್ಕ ಒಬ್ಬರೇ ಮಾತಾಡ್ತೀನಿ ಅಂದಿದಾರೆ. ನೀವು ಆ ಹನ್ನೊಂದನ್ನ ಸರಿ ಮಾಡಿ."

ತಪ್ಪು ನಂಬರನ್ನು ಅಳಿಸಲು ಹೋದರೆ ಟ್ಯಾಬ್ ಕಾರಣ ಕೇಳಿತು. ರೋಗಿ ಗುಣವಾಗಿದ್ದಾರೆ. ರೋಗಿ ಊರು ಬಿಟ್ಟಿದ್ದಾರೆ. ರೋಗಿ ತೀರಿಕೊಂಡಿದ್ದಾರೆ. ಇತರೆ. ಮೂರನೆಯ ಸಾಲನ್ನು ಬೆರಳು ತಾಗಿಬಿಟ್ಟೀತೆಂಬ ಭಯಕ್ಕೆ ಅವನು ಉಸಿರು ಬಿಗಿಹಿಡಿದು 'ಇತರೆ' ಒತ್ತಿದ. ಕಾರಣ ಬರೆಯಿರಿ ಎಂದಿತು. "ಇದು ನನ್ನ ಮನೆಯ ನಂಬರು. ನಾನೇ ತಪ್ಪು ಹಾಕಿದ್ದು" ಎಂದು ಬರೆದ. ಹನ್ನೊಂದು ಸಲ ಅದನ್ನೇ ಬರೆದ. ಒಂದನ್ನು ಬರೆದು ಉಳಿದದ್ದಕ್ಕೆ ಅಂಟಿಸುವ ಉಪಾಯ ಅವನಿಗೆ ಗೊತ್ತಿತ್ತು. ಅಂದು ಅದನ್ನು ಮಾಡಲಿಲ್ಲ. ಮುಚ್ಚಿದ ಕಿಂಡಿಯ ಹೊರಗಿನಿಂದ ಯಾರೋ "ಚೀಟಿಯಣ್ಣ, ನಿದ್ದೆ ಹೋದ್ಯಾ?" ಎಂದು ಕೂಗುತ್ತಿದ್ದರು.

ಬಾಗಿಲು ತೆರೆದದ್ದು ಐವತ್ತು ನಿಮಿಷದ ಮೇಲೆ. ಡಾಕ್ಟರಮ್ಮ ಅವನನ್ನು ಒಳಗೆ ಕರೆದು ನಿಲ್ಲಿಸಿಕೊಂಡೇ ಹೇಳಿದರು. ದೊಡ್ಡ ಆಸ್ಪತ್ರೆಯ ಮನೋವೈದ್ಯರ ಜೊತೆ ಪರದೆಯ ಮೇಲೆ ಮಾತಾಡಿಸಿದ್ದಾಯಿತು. ಇಂದಿನಿಂದ ಮಾತ್ರೆ. ಗುರುವಾರ ಮತ್ತೆ ಪರದೆಯ ಮೇಲೆ ಅವರೊಡನೆ ಮಾತು. ದಿನ ಬಿಟ್ಟು ದಿನ ಸಿಸ್ಟರ್ ಮನೆಗೆ ಬರುತ್ತಾರೆ.

"ಈ ವಾರ ಇವರು ಒಬ್ಬರೇ ಇರಬಾರದು. ಯಾರಿರ್ತೀರಿ?"

"ಮಗಳು ನಾಳೆ ಬರ್ತಾಳಂತೆ, ಈಗ ಫೋನ್ ಮಾಡಿದೆ," ಎಂದಳು ಹೆಂಡತಿ.

"ಇವತ್ತಿಂದ ನಾನಿರ್ತೀನಿ," ಎಂದ ಚೀಟಿಯಣ್ಣ. "ರಜೆ ಹಾಕ್ತೀನಿ."

"ಇವ್ರಾ?" ಅವಳು ಡಾಕ್ಟರಮ್ಮನ ಕಡೆ ತಿರುಗಿದಳು. "ಹಗಲು ಹೊತ್ತು ಮನೇಲಿ ಏನ್ ಮಾಡ್ಬೇಕು ಅಂತಾನೂ ಗೊತ್ತಿಲ್ಲ ಮೇಡಂ ಇವ್ರಿಗೆ."

"ನೀವೇ ಹೇಳ್ಕೊಡಿ," ಎಂದರು ಡಾಕ್ಟರಮ್ಮ.

ಇಬ್ಬರೂ ನಡೆದು ಹೊರಟರು. ಬಿಸಿಲು ನೆತ್ತಿಗೆ ಬಂದಿತ್ತು. ಅವಳು ಮಾತ್ರೆಯ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಮುಚ್ಚಿದ ಅಂಗಡಿಗಳ ಸಾಲು ದಾಟಿ ರಸ್ತೆ ತಿರುಗುವಲ್ಲಿ ಅವಳು ನಿಂತಳು.

"ಆ ಒಂಬತ್ತು ಪ್ರಶ್ನೆ ನಿಮಗೆ ಬಾಯಿಪಾಠ ಇರ್ಬೇಕಲ್ಲ?"

"ಇದೆ."

"ಕೇಳಿ ಮತ್ತೆ."

ಎಂಟು ತಿಂಗಳಲ್ಲಿ ಸಾವಿರ ಜನರಿಗೆ, ತಲೆ ಎತ್ತದೆ, ಉಸಿರು ತಿರುಗಿಸದೆ ಕೇಳಿದವನಿಗೆ ಮೊದಲನೆಯದನ್ನೇ ಹೇಗೆ ಕೇಳಬೇಕೆಂದು ತಿಳಿಯಲಿಲ್ಲ. ಒಂದು ಸೈಕಲ್ಲು ಗಂಟೆ ಬಾರಿಸುತ್ತ ಪಕ್ಕದಲ್ಲಿ ಹಾದು ಹೋಯಿತು. ಅವಳು ಅವಸರ ಮಾಡಲಿಲ್ಲ. ಅವನ ಮುಖವನ್ನೇ ನೋಡುತ್ತ ನಿಂತಳು.

"ರಾತ್ರಿ..." ಎಂದ. ಮತ್ತೆ ಮೊದಲಿನಿಂದ ಶುರು ಮಾಡಿದ. "ರಾತ್ರಿ ನಿದ್ದೆ ಬರುತ್ತೇನೇ ನಿಂಗೆ?"

"ಇಲ್ಲ ಕಣ್ರೀ," ಎಂದಳು. "ಬಹಳ ದಿನ ಆಯ್ತು."